ಮಲೆನಾಡಿನ ಕಾರ್ ಶೆಡ್ಡಿಗೆ ಬಿಸಿಯ ವ್ಯವಸ್ಥೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯ ಗೋಡೆಗೆ ತಾಗದೆ, ಅಂಗಳದ ಅಂಚಿಗೋ ತೋಟದ ದಾರಿಯ ಮಗ್ಗುಲಿಗೋ ಬಿಡಿಯಾಗಿ ಕಟ್ಟಿಕೊಂಡ ಶೆಡ್ಡಿನ ಬಗೆಗಿನ ಪ್ರಶ್ನೆಗಳಿವು. ಇದನ್ನು ಗ್ಯಾರೇಜು ಎನ್ನಬಹುದಾದರೂ ನಮ್ಮ ಕಡೆ ಗ್ಯಾರೇಜು ಎಂದರೆ ಗಾಡಿ ರಿಪೇರಿಯ ಅಂಗಡಿ ಎಂದೇ ಜನ ತಿಳಿಯುವುದರಿಂದ ಇಲ್ಲಿ ಉದ್ದಕ್ಕೂ ಶೆಡ್ಡು ಎಂದೇ ಬರೆದಿದ್ದೇನೆ. ತೀರ್ಥಹಳ್ಳಿ ಸೀಮೆಯಲ್ಲಿ ಅಂಥದೊಂದು ಶೆಡ್ಡನ್ನು ಹನ್ನೆರಡು ಮಳೆಗಾಲ ನೋಡಿಕೊಂಡವನ ಅನುಭವ ಮತ್ತು ಒಂದಿಷ್ಟು ಲೆಕ್ಕ ಇದರಲ್ಲಿದೆ.

ನಮ್ಮ ಹವೆಗೆ ಶೆಡ್ಡಿಗೊಂದು ಹೀಟರ್ ನಿಜಕ್ಕೂ ಬೇಕೇ?

ಚಳಿಯ ಸಲುವಾಗಿ ಕೇಳುವುದಾದರೆ ಹೆಚ್ಚಿನವರಿಗೆ ಬೇಡ. ಡಿಸೆಂಬರ್, ಜನವರಿಯ ಬೆಳಗಿನ ಜಾವದಲ್ಲಿ ಶಿವಮೊಗ್ಗ ಪೇಟೆಯ ಉಷ್ಣಾಂಶ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ; ಗುಡ್ಡಗಳ ನಡುವಿನ ತೋಟದ ತಗ್ಗುಗಳಲ್ಲಿ ಇನ್ನೂ ಸ್ವಲ್ಪ ಕಡಿಮೆಯಾಗಬಹುದು. ಹಿಮ ಬೀಳುವ ದೇಶಗಳಲ್ಲಿ ಇಂಜಿನ್ನಿನ ನೀರು ಹೆಪ್ಪುಗಟ್ಟೀತು, ಬ್ಯಾಟರಿ ಸತ್ತೀತು ಎಂಬ ಭಯಕ್ಕೆ ಶೆಡ್ಡನ್ನು ಕಾಯಿಸುತ್ತಾರೆ. ನಮ್ಮಲ್ಲಿ ಆ ಭಯವಿಲ್ಲ.

ನಮ್ಮ ಶೆಡ್ಡಿಗಿರುವ ಪೀಡೆ ತೇವದ್ದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಸುರಿಯುತ್ತದೆ. ಆರಿದ್ರೆ ಹಿಡಿದು ಆಶ್ಲೇಷ ಮುಗಿಯುವವರೆಗೆ ಗಾಳಿಯೇ ಹಸಿಬಟ್ಟೆಯಂತಿರುತ್ತದೆ. ಆ ದಿನಗಳಲ್ಲಿ ಸೀಟಿಗೆ ಬೂಸ್ಟು ಬರುವುದು, ಸ್ಪ್ಯಾನರಿಗೆ ತುಕ್ಕು ಹಿಡಿಯುವುದು, ಬ್ರೇಕಿನ ಡಿಸ್ಕು ಕೆಂಪಾಗುವುದು, ಔಷಧಿ ಹೊಡೆಯುವ ಪಂಪಿನ ಇಂಜಿನ್ ಹಗ್ಗ ಎಳೆದೆಳೆದು ಕೈ ಸೋತರೂ ಏಳದಿರುವುದು, ಇವೆಲ್ಲ ಚಳಿಯಿಂದಲ್ಲ, ತೇವದಿಂದ ಆಗುವಂಥವು. ಆದ್ದರಿಂದ ಯಾವ ಹೀಟರ್ ಕೊಳ್ಳಲಿ ಎಂದು ಕೇಳುವ ಮೊದಲು ಶೆಡ್ಡಿನೊಳಗೆ ಬೆಚ್ಚಗಿರಬೇಕಾದದ್ದು ಮನುಷ್ಯನೋ, ಒಣಗಿರಬೇಕಾದದ್ದು ಸಾಮಾನೋ ಎಂದು ತೀರ್ಮಾನಿಸಿಕೊಳ್ಳಬೇಕು. ಈ ಎರಡಕ್ಕೂ ಬೇಕಾದ ಯಂತ್ರಗಳು ಬೇರೆ ಬೇರೆ.

ಗಾಳಿಯನ್ನು ಕಾಯಿಸಿದರೆ ತೇವ ತಾನೇ ಹೋಗುವುದಿಲ್ಲವೇ?

ತೇವ ಹೋಗುವುದಿಲ್ಲ, ಗಾಳಿಯ ಹಿಡಿತ ಹೆಚ್ಚುತ್ತದೆ ಅಷ್ಟೆ. 22 ಡಿಗ್ರಿಯಲ್ಲಿರುವ, ಇನ್ನು ಒಂದು ಹನಿಯನ್ನೂ ಹೀರಲಾರದಷ್ಟು ತುಂಬಿಕೊಂಡಿರುವ 1 ಘನಮೀಟರ್ ಗಾಳಿಯಲ್ಲಿ ಸುಮಾರು 19 ಗ್ರಾಂ ನೀರಿನ ಆವಿ ಇರುತ್ತದೆ. ಅದನ್ನು 27 ಡಿಗ್ರಿಗೆ ಕಾಯಿಸಿದರೆ ಸುಮಾರು 26 ಗ್ರಾಂ ಹಿಡಿಯುವ ಶಕ್ತಿ ಬರುತ್ತದೆ. ಇರುವುದು ಅದೇ 19 ಗ್ರಾಂ ಆದ್ದರಿಂದ ತೇವಾಂಶ ನೂರರಿಂದ ಶೇ 75ಕ್ಕೆ ಇಳಿದಂತೆ ಮೀಟರ್ ತೋರಿಸುತ್ತದೆ. ಕಬ್ಬಿಣಕ್ಕೆ ತುಕ್ಕು ಬೇಗ ಬೇಗ ಹಿಡಿಯದಿರಬೇಕಾದರೆ ತೇವಾಂಶ ಶೇ 60ರ ಹತ್ತಿರ ಬರಬೇಕು. ಬರಿಯ ಬಿಸಿಯಿಂದಲೇ ಅಲ್ಲಿಗೆ ತಲುಪಲು ಅದೇ ಗಾಳಿಯನ್ನು 31 ಡಿಗ್ರಿಯವರೆಗೆ ಕಾಯಿಸಬೇಕಾಗುತ್ತದೆ. ಮಳೆಗಾಲದ ಮೂರು ತಿಂಗಳು ಹಗಲೂ ರಾತ್ರಿ ಶೆಡ್ಡನ್ನು 31 ಡಿಗ್ರಿಯಲ್ಲಿಡುವುದು ಯಾರ ಜೇಬಿಗೂ ಹೊಂದುವ ಮಾತಲ್ಲ.

ನಮ್ಮ ಶೆಡ್ಡಿಗೆ ಎಷ್ಟು ವಾಟಿನ ಹೀಟರ್ ಬೇಕೆಂದು ಲೆಕ್ಕ ಹಾಕುವುದು ಹೇಗೆ?

ಬಿಸಿ ಎಲ್ಲೆಲ್ಲಿ ಸೋರುತ್ತದೆ ಎಂಬುದನ್ನು ಕೂಡಿದರೆ ಬೇಕಾದ ವಾಟು ಸಿಗುತ್ತದೆ. ಉದಾಹರಣೆಗೆ 20 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ, ಜಂಬಿಟ್ಟಿಗೆಯ ಗೋಡೆ, ತಗಡಿನ ಮಾಡು, ಮುಂದೆ ಒಂದು ರೋಲಿಂಗ್ ಶಟರ್ ಇರುವ ಶೆಡ್ಡನ್ನು ತೆಗೆದುಕೊಳ್ಳೋಣ. ಹೊರಗಿಗಿಂತ ಒಳಗೆ 8 ಡಿಗ್ರಿ ಹೆಚ್ಚಿರಲಿ ಎನ್ನೋಣ. ತಗಡಿನ ಮಾಡೊಂದರಿಂದಲೇ ಸುಮಾರು 1,250 ವಾಟ್ ಹೊರಗೆ ಹೋಗುತ್ತದೆ. ನಾಲ್ಕೂ ಗೋಡೆ ಸೇರಿ ಸುಮಾರು 700, ಶಟರಿನ ತಗಡಿನಿಂದ 240, ಸಂದುಗಳಲ್ಲಿ ನುಗ್ಗುವ ಗಾಳಿಯಿಂದ ಇನ್ನೊಂದು 550. ಒಟ್ಟು 2,750 ವಾಟ್‌ನಷ್ಟು. ಇದೇ ಶೆಡ್ಡಿನ ಮಾಡಿನ ಕೆಳಗೆ ಶಾಖ ತಡೆಯುವ ಒಳಮಾಡೊಂದನ್ನು ಹಾಕಿದರೆ ಮಾಡಿನ ನಷ್ಟ ಇನ್ನೂರು ವಾಟ್ ಚಿಲ್ಲರೆಗೆ ಇಳಿದು, ಒಟ್ಟು 1,750ರ ಒಳಗೆ ಬರುತ್ತದೆ. ಎಂದರೆ ಒಂದು ಸಾವಿರ ವಾಟನ್ನು ಹೀಟರಿನಿಂದಲ್ಲ, ಬಡಗಿಯಿಂದ ಕೊಂಡ ಹಾಗಾಯಿತು. ಅದಕ್ಕೆ ತಿಂಗಳು ತಿಂಗಳು ಬಿಲ್ಲು ಬರುವುದಿಲ್ಲ.

ಹೊರದೇಶದ ಪಟ್ಟಿಗಳಲ್ಲಿ ಈ ಲೆಕ್ಕ ಬಿಟಿಯು ಎಂಬ ಅಳತೆಯಲ್ಲಿರುತ್ತದೆ. ಗಂಟೆಗೆ 3,412 ಬಿಟಿಯು ಎಂದರೆ 1 ಕಿಲೋವಾಟ್.

ಹೀಟರಿಗೆ ಮೊದಲು ಶೆಡ್ಡಿಗೇನು ಮಾಡಿಸಬೇಕು?

ಮೊದಲು ನೀರು ಒಳಗೆ ಬರುವ ದಾರಿಗಳನ್ನು ಮುಚ್ಚಬೇಕು, ಮತ್ತು ಈ ಕೆಲಸ ಬೇಸಿಗೆಯಲ್ಲೇ ಆಗಬೇಕು. ಪಡುವಣ ದಿಕ್ಕಿನ ಎರಚಲು ಗೋಡೆಗೆ ಹೊಡೆದರೆ ಜಂಬಿಟ್ಟಿಗೆ ಅದನ್ನು ಹೀರಿಕೊಂಡು ವಾರಗಟ್ಟಲೆ ಒಳಗೆ ಬಿಡುತ್ತಿರುತ್ತದೆ. ಹಿಂದಿನವರು ಆ ಮಗ್ಗುಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದದ್ದು ಇದೇ ಕಾರಣಕ್ಕೆ. ಈಗ ಮಾಡನ್ನು ಮೂರಡಿ ಮುಂದಕ್ಕೆ ಚಾಚಿಸಿದರೂ ಆದೀತು, ತಗಡನ್ನೇ ಇಳಿಬಿಟ್ಟರೂ ಆದೀತು. ಗುಡ್ಡದ ಧರೆ ಕಡಿದು ಕಟ್ಟಿದ ಶೆಡ್ಡಾದರೆ ಮಳೆ ಹಿಡಿದ ನಂತರ ನೆಲದಿಂದಲೇ ಜಲ ಏಳುತ್ತದೆ. ಧರೆಯ ಬುಡದಲ್ಲಿ ಶೆಡ್ಡಿನ ನೆಲಮಟ್ಟಕ್ಕಿಂತ ಆಳವಾದ ಚರಂಡಿ ತೋಡದೆ ಒಳಗೆ ಯಾವ ಯಂತ್ರ ಇಟ್ಟರೂ ಅದು ಗುಡ್ಡದ ನೀರನ್ನು ಒಣಗಿಸುವ ಹುಚ್ಚು ಸಾಹಸವಾಗುತ್ತದೆ.

ತಗಡಿನ ಮಾಡಿಗೆ ಇನ್ನೊಂದು ರೋಗವಿದೆ. ಮೋಡವಿಲ್ಲದ ಚಳಿಗಾಲದ ರಾತ್ರಿ ತಗಡು ಆಕಾಶಕ್ಕೆ ತನ್ನ ಶಾಖ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಆಗ ಅದರ ಒಳಮೈಯಲ್ಲೂ ಇಬ್ಬನಿ ಕೂರುತ್ತದೆ. ಬೆಳಿಗ್ಗೆ ಆರು ಗಂಟೆಗೆ ಶಟರ್ ಎತ್ತಿದರೆ ಕಾರಿನ ಬಾನೆಟ್ಟಿನ ಮೇಲೆ, ಮಾಡಿನ ಕಬ್ಬಿಣದ ಪೈಪಿನ ಕೆಳಗೆ ನೇರವಾಗಿ, ದಾರಕ್ಕೆ ಪೋಣಿಸಿದ ಹಾಗೆ ಸಾಲಾಗಿ ಹನಿಗಳು ಬಿದ್ದಿರುತ್ತವೆ. ಮಾಡು ಸೋರುತ್ತಿದೆ ಎಂದುಕೊಂಡು ನಾನು ಒಂದು ಇಡೀ ಚಳಿಗಾಲ ತಗಡಿನ ಮೊಳೆಗಳಿಗೆ ಸೀಲೆಂಟ್ ಬಳಿದಿದ್ದೇನೆ. ಮಳೆಯೇ ಇಲ್ಲದ ತಿಂಗಳಲ್ಲಿ ಮಾಡು ಸೋರುವುದು ಹೇಗೆ ಎಂಬ ಪ್ರಶ್ನೆ ಆಗ ಏಕೆ ಹೊಳೆಯಲಿಲ್ಲವೋ ತಿಳಿಯದು. ಇದಕ್ಕೂ ಒಳಮಾಡೇ ಮದ್ದು. ಆದರೆ ಒಳಮಾಡಿಗೆ ಥರ್ಮಾಕೋಲ್ ಹಾಕುವುದಾದರೆ ಅದನ್ನು ಬರಿದಾಗಿ ಬಿಡಬಾರದು. ಅದು ಬೆಂಕಿಗೆ ಬೇಗ ಸಿಗುವ ವಸ್ತು, ಆದ್ದರಿಂದ ಕೆಳಗಡೆ ಸಿಮೆಂಟ್ ಶೀಟಿನಂತಹ ಹಲಗೆಯ ಹೊದಿಕೆ ಇರಲೇಬೇಕು.

ತೇವಾಂಶ ಎಷ್ಟಿದೆ ಎಂದು ತಿಳಿಯುವುದು ಹೇಗೆ?

ಕೆಲವು ನೂರು ರೂಪಾಯಿಗೆ ಸಿಗುವ, ಉಷ್ಣಾಂಶ ಮತ್ತು ತೇವಾಂಶ ಎರಡನ್ನೂ ತೋರಿಸುವ ಪುಟ್ಟ ಮೀಟರನ್ನು ಶೆಡ್ಡಿನಲ್ಲಿ ಒಂದು ವಾರ ನೇತುಹಾಕಿ, ಬೆಳಿಗ್ಗೆ ಸಂಜೆ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಹೀಟರಿಗೆ ದುಡ್ಡು ತೆಗೆಯುವ ಮೊದಲು ಮಾಡಬೇಕಾದ ಏಕೈಕ ಖರೀದಿ ಇದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವಿದ್ಯುತ್ ಹೀಟರುಗಳಲ್ಲಿ ಯಾವ ಬಗೆಯದು ಒಳ್ಳೆಯದು?

ಒಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು: ಕಾಯಿಲ್ ಇರುವ ಹೀಟರ್ ಯಾವ ಕಂಪನಿಯದಾದರೂ, ಎಷ್ಟೇ ಬೆಲೆಯದಾದರೂ, 1 ಯೂನಿಟ್ ವಿದ್ಯುತ್ತಿಗೆ ಕೊಡುವ ಬಿಸಿ ಒಂದೇ. ಅಂಗಡಿಯಲ್ಲಿ ಕರೆಂಟ್ ಉಳಿಸುವ ಹೀಟರ್ ಎಂದರೆ ನಂಬಬೇಕಾಗಿಲ್ಲ. ವ್ಯತ್ಯಾಸವಿರುವುದು ಆ ಬಿಸಿ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ.

ಫ್ಯಾನ್ ಇರುವ ಹೀಟರ್ ಗಾಳಿಯನ್ನು ಬೇಗ ಕಾಯಿಸುತ್ತದೆ, ಆದರೆ ಶಟರ್ ಒಮ್ಮೆ ಎತ್ತಿದರೆ ಆ ಗಾಳಿಯೆಲ್ಲ ಅಂಗಳದ ಪಾಲು. ಮರದ ಪುಡಿ ಹಾರುವಲ್ಲಿ ಅದು ಪುಡಿಯನ್ನು ಒಳಗೆಳೆದುಕೊಂಡು ಸುಟ್ಟ ವಾಸನೆ ಬರಿಸುತ್ತದೆ, ಹೆಚ್ಚಾದರೆ ಬೆಂಕಿಗೂ ದಾರಿಯಾಗಬಹುದು. ಎಣ್ಣೆ ತುಂಬಿದ ರೇಡಿಯೇಟರಿನಲ್ಲಿ ಕಾದ ತಂತಿ ಹೊರಗೆ ಕಾಣುವುದಿಲ್ಲ, ಶಬ್ದವೂ ಇಲ್ಲ. ಆದರೆ ಅದು ಬಿಸಿಯಾಗುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ಸಂಜೆ ಹೊತ್ತು ಒಂದೆರಡು ಗಂಟೆ ಬೆಂಚಿನ ಮುಂದೆ ನಿಂತು ಕೆಲಸ ಮಾಡುವವರಿಗೆ, ಗೋಡೆಯ ಎತ್ತರದಲ್ಲಿ ತಿರುಗಿಸಿ ಕೂರಿಸುವ ಇನ್‌ಫ್ರಾರೆಡ್ ಹೀಟರನ್ನೇ ನಾನು ಸೂಚಿಸುವುದು. ಬಿಸಿಲು ಕಾಯಿಸುವಂತೆ ಅದು ಗಾಳಿಯನ್ನು ಬಿಟ್ಟು ನೇರವಾಗಿ ಮೈಯನ್ನು, ಬೆಂಚನ್ನು ಕಾಯಿಸುತ್ತದೆ. ಗಾಳಿಯಾಡುವ ಶೆಡ್ಡಿನಲ್ಲೂ ಪ್ರಯೋಜನಕ್ಕೆ ಬರುತ್ತದೆ. ಅದರ ಮುಂದೆ ಮೂರಡಿಯೊಳಗೆ ಬಟ್ಟೆ, ಗೋಣಿಚೀಲ, ಥಿನ್ನರ್ ಡಬ್ಬಿ ಯಾವುದೂ ಇರಬಾರದು.

ಕಿಡಿ ಹಾರಿಸಬಲ್ಲ ಅಥವಾ ಕೆಂಪಗೆ ಕಾಯುವ ಯಾವುದನ್ನೂ ನೆಲದ ಮೇಲಿಡಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ನೆಲದ ಮೇಲೆ ಹರಡಿಕೊಳ್ಳುತ್ತದೆ. ಅಮೆರಿಕದ ಕಟ್ಟಡ ನಿಯಮಗಳು ಗ್ಯಾರೇಜಿನಲ್ಲಿ ಬೆಂಕಿಯ ಮೂಲ ನೆಲದಿಂದ ಕನಿಷ್ಠ 18 ಇಂಚು ಮೇಲಿರಬೇಕೆಂದು ಹೇಳುವುದು ಇದಕ್ಕಾಗಿಯೇ, ಮತ್ತು ಪೆಟ್ರೋಲಿನ ಆವಿ ನಮ್ಮಲ್ಲೂ ಅದೇ ರೀತಿ ನಡೆದುಕೊಳ್ಳುತ್ತದೆ.

ಗ್ಯಾಸ್ ಹೀಟರ್ ಇಡಬಹುದೇ? ಬೇಗ ಕಾಯುತ್ತದೆ, ಕರೆಂಟಿನ ಹಂಗೂ ಇಲ್ಲವಲ್ಲ?

ಈ ಮಾತು ಕೇಳಿಯೇ ನಾನು ಮೊದಲ ವರ್ಷ ಸಿಲಿಂಡರ್ ಒಳಗಿಡುವ, ಚಕ್ರದ ಮೇಲೆ ಉರುಳುವ ಹೀಟರನ್ನು ತಂದದ್ದು. ಜುಲೈ ತಿಂಗಳ ಒಂದು ಸಂಜೆ, ಹೊರಗೆ ಜಡಿಮಳೆ, ಶಟರ್ ಮುಕ್ಕಾಲು ಎಳೆದು ಹೀಟರ್ ಹಚ್ಚಿ ಸ್ಕೂಟರಿನ ಕಾರ್ಬ್ಯುರೇಟರ್ ಬಿಚ್ಚಲು ಕುಳಿತೆ. ಮೈಗೇನೋ ಹಿತವಾಗಿತ್ತು. ಒಂದು ಗಂಟೆ ಕಳೆದ ಮೇಲೆ ನೋಡಿದರೆ ಕಾರಿನ ಗಾಜೆಲ್ಲ ಮಬ್ಬು, ಶಟರಿನ ಒಳಮೈಯಿಂದ ನೀರು ಗೆರೆಗೆರೆಯಾಗಿ ಇಳಿಯುತ್ತಿತ್ತು, ಗೋಡೆಗೆ ಸಾಲಾಗಿ ತೂಗುಹಾಕಿದ್ದ ಸ್ಪ್ಯಾನರುಗಳ ಮೇಲೆ ಬೆರಳಾಡಿಸಿದರೆ ಬೆರಳೇ ಒದ್ದೆಯಾಯಿತು. ನಾಲ್ಕು ದಿನಗಳಲ್ಲಿ ಅವು ಕಾವಿಯ ಬಣ್ಣಕ್ಕೆ ತಿರುಗಿದವು.

ಕಾರಣ ಸರಳವಾದದ್ದು. ಗ್ಯಾಸ್ ಉರಿದಾಗ ಅದರಲ್ಲಿರುವ ಜಲಜನಕ ನೀರಾಗುತ್ತದೆ. 1 ಕಿಲೋ ಎಲ್‌ಪಿಜಿ ಉರಿದರೆ ಸುಮಾರು 1.6 ಕಿಲೋ ನೀರಿನ ಆವಿ ಹುಟ್ಟುತ್ತದೆ. 4 ಕಿಲೋವಾಟಿನ ಹೀಟರ್ ಗಂಟೆಗೆ 300 ಗ್ರಾಂನಷ್ಟು ಗ್ಯಾಸ್ ಉರಿಸುವುದರಿಂದ, ಗಂಟೆಗೆ ಅರ್ಧ ಲೀಟರ್ ನೀರನ್ನು ನಾವೇ ಶೆಡ್ಡಿನೊಳಗೆ ಚಿಮುಕಿಸಿದಂತಾಯಿತು. ಸೀಮೆಎಣ್ಣೆಯ ಹೀಟರಿನದೂ ಇದೇ ಕಥೆ. ಒಣಹವೆಯ ನಾಡಿನಲ್ಲಿ ಇದು ಅಂಥ ದೋಷವಲ್ಲದಿರಬಹುದು, ನಮ್ಮಲ್ಲಿ ಮಾತ್ರ ರೋಗಕ್ಕೆ ರೋಗವನ್ನೇ ಕುಡಿಸಿದಂತೆ. ಇದರ ಮೇಲೆ ಸೋರಿದ ಎಲ್‌ಪಿಜಿಯೂ ಪೆಟ್ರೋಲಿನ ಆವಿಯಂತೆ ನೆಲಕ್ಕೇ ಇಳಿದು ನಿಲ್ಲುತ್ತದೆ. ಅಡುಗೆಮನೆಯ 14.2 ಕಿಲೋ ಸಿಲಿಂಡರನ್ನು ಅಡುಗೆಯ ಹೊರತು ಬೇರೆಯದಕ್ಕೆ ಬಳಸುವುದು ನಿಯಮಕ್ಕೂ ವಿರುದ್ಧ. ಆ ಹೀಟರ್ ಈಗ ಅಟ್ಟದ ಮೇಲಿದೆ. ಯಾರು ಕೇಳಿದರೂ ಕೊಡುವುದಿಲ್ಲ.

ಹಿರಿಯರು ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟುಕೊಂಡೇ ಮಳೆಗಾಲ ಕಳೆದರಲ್ಲ, ಶೆಡ್ಡಿನಲ್ಲೇಕೆ ಬೇಡ?

ಹಿರಿಯರ ಮನೆಗೆ ಹೆಂಚಿನ ಮಾಡಿತ್ತು, ಹೆಂಚಿನ ಸಂದುಸಂದಿನಲ್ಲೂ ಹೊಗೆ ಹೋಗುತ್ತಿತ್ತು. ಶಟರ್ ಎಳೆದ ಶೆಡ್ಡು ಹಾಗಲ್ಲ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆ ಭಾರವಾಗುವುದು, ನಿದ್ದೆ ಬಂದಂತಾಗುವುದು ಮೊದಲ ಲಕ್ಷಣ, ಮತ್ತು ನಿದ್ದೆ ಬಂದಂತಾದವನು ಎದ್ದು ಬಾಗಿಲು ತೆಗೆಯುವುದಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಕೆಂಡವೂ ಬೇಡ, ಕಾರಿನ ಇಂಜಿನ್ನನ್ನು ಓಡಿಸಿಡುವುದೂ ಬೇಡ.

ಹೊಗೆಕೊಳವೆ ಇರುವ ಕಟ್ಟಿಗೆ ಒಲೆಯಾದರೆ?

ಅದು ಬೇರೆ ಮಾತು. ಬಚ್ಚಲ ಒಲೆಗೆ ಕಟ್ಟಿಗೆ ಒಟ್ಟುವ ಮನೆಗಳಲ್ಲಿ ಕಟ್ಟಿಗೆಗೆ ಬರವಿಲ್ಲ. ತೋಟದ ಅಂಚಿನ ಅಕೇಶಿಯಾ, ಕಾಫಿ ಗಿಡ ಸವರುವಾಗ ಬಿದ್ದ ರೆಂಬೆ ಎಲ್ಲವೂ ಆಗುತ್ತದೆ. ಎರಕದ ಅಥವಾ ದಪ್ಪ ತಗಡಿನ ಮುಚ್ಚಿದ ಒಲೆ, ಮಾಡಿನ ತುತ್ತತುದಿಗಿಂತ ಎತ್ತರಕ್ಕೆ ಹೋಗುವ ಕೊಳವೆ ಇದ್ದರೆ ಉರಿಯಿಂದ ಹುಟ್ಟಿದ ನೀರಿನ ಆವಿಯೂ ವಿಷಗಾಳಿಯೂ ಹೊರಗೇ ಹೋಗುತ್ತವೆ, ಒಳಗೆ ಉಳಿಯುವುದು ಒಣ ಬಿಸಿ ಮಾತ್ರ. ಚೆನ್ನಾಗಿ ಒಣಗಿದ 1 ಕಿಲೋ ಕಟ್ಟಿಗೆಯಲ್ಲಿ ಸುಮಾರು 4 ಯೂನಿಟ್ ವಿದ್ಯುತ್ತಿನಷ್ಟು ಶಾಖವಿದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಶೆಡ್ಡಿಗೆ ಸಿಕ್ಕರೆ ಒಲೆ ಒಳ್ಳೆಯದೆಂದೇ ಲೆಕ್ಕ. ಹಸಿ ಕಟ್ಟಿಗೆಯಾದರೆ ಆ ಶಾಖದ ದೊಡ್ಡ ಪಾಲು ಕಟ್ಟಿಗೆಯ ನೀರನ್ನು ಕುದಿಸುವುದಕ್ಕೇ ಮುಗಿಯುತ್ತದೆ, ಕೊಳವೆಯೊಳಗೆ ಟಾರಿನಂಥ ಕಪ್ಪು ಅಂಟು ಕಟ್ಟುತ್ತದೆ.

ಆದರೆ ಒಲೆಯಿರುವ ಕೋಣೆಯಲ್ಲಿ ಪೆಟ್ರೋಲ್ ಗಾಡಿ ನಿಲ್ಲಿಸಬಾರದು. ಶೆಡ್ಡಿನ ಹಿಂದಿನ ಭಾಗವನ್ನು ನೆಲದಿಂದ ಮಾಡಿನವರೆಗೆ ಗೋಡೆ ಎಬ್ಬಿಸಿ ಬೇರೆ ಮಾಡಿ, ಬಾಗಿಲನ್ನು ಹೊರಗಿನಿಂದ ಇಟ್ಟರೆ ಮಾತ್ರ ಒಲೆಯ ಯೋಚನೆ ಮಾಡಬಹುದು.

ತೇವ ಹೀರುವ ಯಂತ್ರ, ಡಿಹ್ಯೂಮಿಡಿಫೈಯರ್, ನಮ್ಮಲ್ಲಿ ಕೆಲಸ ಮಾಡುತ್ತದೆಯೇ?

ಸಾಮಾನನ್ನು ಕಾಪಾಡುವುದೇ ಉದ್ದೇಶವಾದರೆ ಮಲೆನಾಡಿನ ಶೆಡ್ಡಿಗೆ ಇದೇ ನನ್ನ ಮೊದಲ ಆಯ್ಕೆ. ಒಳಗೆ ಫ್ರಿಜ್ಜಿನಂತೆಯೇ ಕಂಪ್ರೆಸರ್ ಇರುತ್ತದೆ. ತಣ್ಣನೆಯ ಸುರುಳಿಗೆ ತಾಗಿದ ಗಾಳಿಯ ತೇವ ಹನಿಯಾಗಿ ಕೆಳಗಿಳಿಯುತ್ತದೆ, ಅದೇ ಗಾಳಿ ಹಿಂದಿನ ಬಿಸಿ ಸುರುಳಿಯ ಮೇಲೆ ಹಾದು ಸ್ವಲ್ಪ ಬೆಚ್ಚಗಾಗಿ ಹೊರಬರುತ್ತದೆ. ಆವಿ ನೀರಾಗುವಾಗ ಲೀಟರಿಗೆ ಸುಮಾರು 0.68 ಯೂನಿಟ್‌ನಷ್ಟು ಶಾಖವನ್ನು ಬಿಟ್ಟುಕೊಡುವುದರಿಂದ, ಯಂತ್ರ ತಿಂದ ವಿದ್ಯುತ್ತಿಗಿಂತ ಹೆಚ್ಚು ಬಿಸಿ ಶೆಡ್ಡಿಗೆ ಸಿಗುತ್ತದೆ. ಹೀಟರಿನ ಕೆಲಸವನ್ನೂ ಅರೆಪಾಲು ಇದೇ ಮಾಡಿದಂತಾಯಿತು.

ಕೊಳ್ಳುವಾಗ ಮೂರು ವಿಷಯಗಳನ್ನು ನೋಡಬೇಕು. ದಿನಕ್ಕೆ 20 ಲೀಟರ್ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ 30 ಡಿಗ್ರಿ, ಶೇ 80 ತೇವಾಂಶದಲ್ಲಿ ಅಳೆದದ್ದು. ನಮ್ಮ ಮಳೆಗಾಲದ 22 ಡಿಗ್ರಿಯಲ್ಲಿ ಅಷ್ಟನ್ನು ನಿರೀಕ್ಷಿಸಬಾರದು. ಎರಡನೆಯದು, ನೀರು ತುಂಬುವ ಡಬ್ಬಿಯ ಜೊತೆಗೆ ಪೈಪು ಸಿಕ್ಕಿಸುವ ತೂತು ಇರಬೇಕು. ಪೈಪನ್ನು ಗೋಡೆಯಾಚೆ ಬಿಟ್ಟರೆ ದಿನಾ ಡಬ್ಬಿ ಚೆಲ್ಲುವ ಕೆಲಸ ತಪ್ಪುತ್ತದೆ. ಮೂರನೆಯದನ್ನು ಅಂಗಡಿಯವರು ಹೇಳುವುದಿಲ್ಲ: ಕರೆಂಟ್ ಹೋಗಿ ಬಂದಾಗ ಯಂತ್ರ ತಾನೇ ಮತ್ತೆ ಶುರುವಾಗಬೇಕು. ಮುಟ್ಟುವ ಗುಂಡಿಗಳಿರುವ ಕೆಲವು ಮಾದರಿಗಳು ಒಮ್ಮೆ ಕರೆಂಟ್ ಹೋದರೆ ಬಂದ ಮೇಲೂ ಮಲಗಿಯೇ ಇರುತ್ತವೆ, ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ಆಷಾಢದಲ್ಲಿ ಅಂಥದು ಬರಿಯ ಅಲಂಕಾರ. ಅಂಗಡಿಯಲ್ಲೇ ಪ್ಲಗ್ ಕಿತ್ತು ಮತ್ತೆ ಹಾಕಿ ಪರೀಕ್ಷಿಸಿ ನೋಡಿ.

350 ವಾಟಿನ ಯಂತ್ರ ದಿನಕ್ಕೆ ಒಟ್ಟು 10 ಗಂಟೆ ಓಡಿದರೆ ತಿಂಗಳಿಗೆ 105 ಯೂನಿಟ್. ಶೇ 60ಕ್ಕೆ ತಾನೇ ನಿಲ್ಲುವಂತೆ ಇಟ್ಟು, ಶಟರಿನ ಬುಡಕ್ಕೆ ರಬ್ಬರ್ ಪಟ್ಟಿ ಹಚ್ಚಿದರೆ ಇನ್ನೂ ಕಡಿಮೆಯಾದೀತು. ಶಟರ್ ತೆರೆದಿಟ್ಟು ಓಡಿಸುವವರು ಆಗುಂಬೆಯ ಮೋಡವನ್ನೇ ಒಣಗಿಸಲು ಹೊರಟವರು.

ಅಷ್ಟು ಖರ್ಚು ಬೇಡ, ಉಪಕರಣಗಳನ್ನಷ್ಟೇ ಉಳಿಸಿಕೊಂಡರೆ ಸಾಕು ಎನ್ನುವವರಿಗೆ?

ಶೆಡ್ಡನ್ನು ಬಿಟ್ಟು ಕಪಾಟನ್ನು ಮಾತ್ರ ಕಾಯಿಸಿ. ಬಿಗಿಯಾಗಿ ಮುಚ್ಚುವ ಕಬ್ಬಿಣದ ಕಪಾಟಿನ ತಳದಲ್ಲಿ 40 ಅಥವಾ 60 ವಾಟಿನ ಹಳೆಯ ತಂತಿ ಬಲ್ಬನ್ನು ಜಾಳಿಗೆಯ ಗೂಡಿನೊಳಗೆ ಹಾಕಿ ಹೊತ್ತಿಸಿಟ್ಟರೆ ಒಳಗಿನ ಗಾಳಿ ಹೊರಗಿಗಿಂತ ಕೆಲವು ಡಿಗ್ರಿ ಬೆಚ್ಚಗಿದ್ದು, ಡ್ರಿಲ್ಲು, ಅಳತೆಯ ಉಪಕರಣ, ಕ್ಯಾಮೆರಾ ಎಲ್ಲ ಉಳಿಯುತ್ತವೆ. ಎಲ್‌ಇಡಿ ಬಲ್ಬಿನಿಂದ ಇದು ಸಾಧ್ಯವಿಲ್ಲ. ಕರೆಂಟೇ ಇಲ್ಲದ ಪೆಟ್ಟಿಗೆಯಾದರೆ ಸುಟ್ಟ ಸುಣ್ಣದ ಹರಳನ್ನು ಅಗಲ ಬಾಯಿಯ ಮಡಕೆಯಲ್ಲಿ ಅರ್ಧದವರೆಗೆ ಇಡಬಹುದು. 1 ಕಿಲೋ ಹರಳು 300 ಗ್ರಾಂನಷ್ಟು ನೀರನ್ನು ಹೀರಿ ಪುಡಿಯಾಗುತ್ತದೆ. ಅದರ ಮೇಲೆ ನೀರು ತೊಟ್ಟಿಕ್ಕದಂತೆ ನೋಡಿಕೊಳ್ಳಬೇಕು, ಕುದಿಯುವಷ್ಟು ಕಾಯುತ್ತದೆ.

ಇನ್ನೊಂದು ಮಾತು: ಮೈಲುತುತ್ತ, ಯೂರಿಯಾ, ಪೊಟ್ಯಾಷ್ ಚೀಲಗಳನ್ನು ಉಪಕರಣದ ಶೆಡ್ಡಿನಲ್ಲಿ ಇಡಬೇಡಿ. ಗೊಬ್ಬರದ ಉಪ್ಪು ಗಾಳಿಯ ನೀರನ್ನು ಸೆಳೆದು ಸುತ್ತಲಿನ ಕಬ್ಬಿಣವನ್ನು ತಿನ್ನುತ್ತದೆ, ಮೈಲುತುತ್ತದ ಒದ್ದೆ ಪುಡಿ ತಾಗಿದ ಕಬ್ಬಿಣ ಇನ್ನೂ ಬೇಗ ಸವೆಯುತ್ತದೆ.

ಬಿಸಿಗಾಳಿಯನ್ನೂ ಕೊಡುವ ಇನ್ವರ್ಟರ್ ಎಸಿ ಹಾಕಿಸಿದರೆ?

ಶೆಡ್ಡಿನಲ್ಲಿ ದಿನವಿಡೀ ಕೆಲಸ ಮಾಡುವವರಿಗೆ ಇದು ಎಲ್ಲಕ್ಕಿಂತ ಮಿತವ್ಯಯದ್ದು. ಇದು ಬಿಸಿಯನ್ನು ಹುಟ್ಟಿಸುವುದಿಲ್ಲ, ಹೊರಗಿನಿಂದ ಒಳಗೆ ಸಾಗಿಸುತ್ತದೆ; 1 ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್ಟಿಗೂ ಹೆಚ್ಚು ಬಿಸಿ ಸಿಗುತ್ತದೆ, ಮತ್ತು ನಮ್ಮ ಹದವಾದ ಚಳಿ ಅದಕ್ಕೆ ಹೇಳಿ ಮಾಡಿಸಿದ ಹವೆ. ಮರಗೆಲಸದ ಪುಡಿಯಿಂದ ಫಿಲ್ಟರ್ ಕಟ್ಟಿಕೊಳ್ಳುವುದು ಇದರ ತಾಪತ್ರಯ. ವಾರಕ್ಕೆರಡು ಸಲ ಮಾತ್ರ ಶೆಡ್ಡಿಗೆ ಹೋಗುವವರಿಗೆ ಇದು ದುಂದು.

ಮನೆಯಿಂದ ಶೆಡ್ಡಿಗೆ ವೈರ್ ಎಳೆಯುವಾಗ ಏನನ್ನು ಗಮನಿಸಬೇಕು?

2,000 ವಾಟಿನ ಹೀಟರ್ 230 ವೋಲ್ಟಿನಲ್ಲಿ 8.7 ಆಂಪಿಯರ್ ಎಳೆಯುತ್ತದೆ. ಆದ್ದರಿಂದ 6 ಆಂಪಿಯರ್ ಸಾಕೆಟ್ಟಿಗೆ, ಅದರಲ್ಲೂ ಎಕ್ಸ್‌ಟೆನ್ಷನ್ ಬೋರ್ಡಿಗೆ, ಅದನ್ನು ಸಿಕ್ಕಿಸಲೇಬಾರದು. 16 ಆಂಪಿಯರ್ ಸಾಕೆಟ್ಟೇ ಬೇಕು. ಮನೆಯಿಂದ 100 ಅಡಿ ದೂರದ ಶೆಡ್ಡಿಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ ಈ ಹೊರೆಗೆ ನಷ್ಟವಾಗುವುದು 4 ವೋಲ್ಟಿನಷ್ಟು ಮಾತ್ರ, ಆದರೂ ಮುಂದೆ ವೆಲ್ಡಿಂಗ್ ಯಂತ್ರ ಬರಬಹುದಾದ್ದರಿಂದ 4 ಚದರ ಮಿಲಿಮೀಟರ್ ಹಾಕಿಸಿಕೊಳ್ಳುವುದು ಜಾಣತನ. ಮೇಲಿಂದ ಎಳೆದ ವೈರಿನ ಮೇಲೆ ಅಡಿಕೆ ಸೋಗೆಯೋ ತೆಂಗಿನ ಗರಿಯೋ ಒಂದಲ್ಲ ಒಂದು ದಿನ ಬಿದ್ದೇ ಬೀಳುತ್ತದೆ. ಆರ್ಮರ್ಡ್ ಕೇಬಲನ್ನು, ಎಂದರೆ ಉಕ್ಕಿನ ತಂತಿಯ ಕವಚವಿರುವ ಕೇಬಲನ್ನು, ನೆಲದೊಳಗೆ ಹುಗಿಸಿ. ಶೆಡ್ಡಿಗೇ ಪ್ರತ್ಯೇಕ ಎಂಸಿಬಿ (ಹೊರೆ ಹೆಚ್ಚಾದರೆ ಕರೆಂಟ್ ಕಡಿಯುವ ಸ್ವಿಚ್ಚು), 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಕಡಿಯುವ ಸ್ವಿಚ್ಚು), ಪ್ರತ್ಯೇಕ ಅರ್ಥಿಂಗ್ ಇರಲಿ. ಒದ್ದೆ ಸಿಮೆಂಟ್ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕಬ್ಬಿಣದ ಮೈಯ ಹೀಟರ್ ಮುಟ್ಟುವ ಜಾಗ ಅದು.

ವೋಲ್ಟೇಜಿನ ವಿಚಾರವನ್ನೂ ಹೇಳಬೇಕು. ಹೀಟರ್ ಹೊಸದರಲ್ಲಿ ಕಾಯುತ್ತಿತ್ತು, ಈಗ ಕಾಯುವುದಿಲ್ಲ ಎಂದು ಹಲವರು ದೂರುತ್ತಾರೆ. ಸಂಜೆ ಪಂಪುಸೆಟ್ಟುಗಳೆಲ್ಲ ಓಡುವ ಹೊತ್ತಿಗೆ ವೋಲ್ಟೇಜ್ 180ಕ್ಕೆ ಇಳಿದರೆ 2,000 ವಾಟಿನ ಹೀಟರ್ ಕೊಡುವುದು 1,225 ವಾಟ್ ಮಾತ್ರ, ಏಕೆಂದರೆ ಬಿಸಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಹೀಟರಿಗೆ ಇದರಿಂದ ಹಾನಿಯಿಲ್ಲ. ಕಂಪ್ರೆಸರ್ ಇರುವ ಯಂತ್ರಗಳಿಗೆ ಹಾನಿಯಿದೆ, ಅವುಗಳಿಗೆ ಸ್ಟೆಬಿಲೈಜರ್ ಬೇಕು.

ಗೃಹಜ್ಯೋತಿ ಇರುವವರಿಗೆ ಬಿಲ್ಲಿನ ಲೆಕ್ಕ ಹೇಗೆ?

2023ರಲ್ಲಿ ಬಂದ ಈ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದಿಷ್ಟು ಸೇರಿಸಿ, 200 ಯೂನಿಟ್ ಮೀರದಂತೆ, ಉಚಿತದ ಮಿತಿಯನ್ನು ಗೊತ್ತುಮಾಡಲಾಗಿದೆ. ಆ ಮಿತಿ ದಾಟಿದರೆ ಹೆಚ್ಚುವರಿಗೆ ಹಣ ಕಟ್ಟಬೇಕು, ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. 2,000 ವಾಟಿನ ಹೀಟರನ್ನು ದಿನಕ್ಕೆ ಮೂರು ಗಂಟೆ ಹಚ್ಚಿದರೆ ತಿಂಗಳಿಗೆ 180 ಯೂನಿಟ್ ಅದೊಂದಕ್ಕೇ ಆಗುತ್ತದೆ. ಹಾಗಾಗಿ ಹೀಟರಿನ ನಿಜವಾದ ಖರ್ಚು ಅದು ತಿಂದ ಯೂನಿಟ್ಟಿನದಷ್ಟೇ ಅಲ್ಲ, ಅದರಿಂದ ಕೈತಪ್ಪಿದ ಸೊನ್ನೆ ಬಿಲ್ಲಿನದೂ ಹೌದು. ಮೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಮಿತಿ ಎಷ್ಟೆಂದು ನೋಡಿಕೊಂಡೇ ಮುಂದುವರಿಯಿರಿ.

ಮನೆಯ ಯುಪಿಎಸ್ ಇನ್ವರ್ಟರಿನಲ್ಲಿ ಹೀಟರ್ ಓಡಿಸಬಹುದೇ?

ಆಗದು. 150 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಲ್ಲಿರುವುದು ಹೆಚ್ಚೆಂದರೆ 1.8 ಯೂನಿಟ್, ಸಾಮಾನ್ಯ ಮನೆ ಇನ್ವರ್ಟರ್ 2,000 ವಾಟಿನ ಹೊರೆಯನ್ನು ಎತ್ತುವುದೂ ಇಲ್ಲ.

ಬಣ್ಣ ಬಳಿಯಲು, ಮರಗೆಲಸಕ್ಕೆ ಎಷ್ಟು ಬಿಸಿ, ಎಷ್ಟು ಒಣಹವೆ ಬೇಕು?

ಬಣ್ಣ ಹಚ್ಚುವ ಮೇಲ್ಮೈ, ಇಬ್ಬನಿ ಕೂರುವ ಉಷ್ಣಾಂಶಕ್ಕಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು, ತೇವಾಂಶ ಶೇ 85ರ ಒಳಗಿರಬೇಕು. ಮಳೆಗಾಲದಲ್ಲಿ ಗೇಟಿಗೆ ಬಳಿದ ಎನಾಮಲ್ ಹಾಲಿನ ಕೆನೆಯಂತೆ ಬಿಳಿಚಿಕೊಳ್ಳುವುದು ಈ ನಿಯಮ ತಪ್ಪಿದ್ದಕ್ಕೆ. ಮರದ ವಿಷಯ ಇನ್ನೂ ಸೂಕ್ಷ್ಮ: ಶೇ 65 ತೇವಾಂಶದ ಗಾಳಿಯಲ್ಲಿ ಮರ ಸುಮಾರು ಶೇ 12ರಷ್ಟು ನೀರನ್ನು ಉಳಿಸಿಕೊಳ್ಳುತ್ತದೆ, ಶೇ 90ರ ಗಾಳಿಯಲ್ಲಿ ಶೇ 20ರ ಹತ್ತಿರಕ್ಕೆ ಏರುತ್ತದೆ. ಪುಷ್ಯ ಮಳೆಯಲ್ಲಿ ಬಿಗಿಯಾಗಿ ಕೂರಿಸಿದ ಡ್ರಾಯರ್ ಶಿವರಾತ್ರಿಯ ಹೊತ್ತಿಗೆ ಗಡಗಡ ಅಲ್ಲಾಡುತ್ತದೆ. ಮಾಡುವ ಮೊದಲು ಮರವನ್ನು ತೇವ ಹೀರುವ ಯಂತ್ರವಿರುವ ಶೆಡ್ಡಿನಲ್ಲಿ ಎರಡು ವಾರ ಇಡುವುದು ಉತ್ತಮ.

ಅದೇ ಶೆಡ್ಡಿನಲ್ಲಿ ಅಡಿಕೆ, ಕಾಳುಮೆಣಸು ಒಣಗಿಸಬಹುದೇ?

ಬೇಡ. ಬೇಯಿಸಿದ ಅಡಿಕೆ ಒಣಗಲು ಬಿಸಿಗಿಂತ ಹೆಚ್ಚಾಗಿ ಗಾಳಿಯ ಓಟ ಬೇಕು, ಅದರಿಂದ ಹೊರಡುವ ನೀರೆಲ್ಲ ನಿಮ್ಮ ಕಾರಿನ ಮೇಲೇ ಕೂರುತ್ತದೆ. ಪೆಟ್ರೋಲಿನ ವಾಸನೆ ಹಿಡಿದ ಅಡಿಕೆಗೆ ಮಂಡಿಯಲ್ಲಿ ಏನು ದರ ಸಿಗುತ್ತದೆ ಎಂದು ಬೆಳೆಗಾರರಿಗೆ ಬೇರೆ ಹೇಳಬೇಕಾಗಿಲ್ಲ. ಡ್ರೈಯರ್ ಬೇರೆ, ಶೆಡ್ಡು ಬೇರೆ.

ಆನ್‌ಲೈನಿನಲ್ಲಿ ಸಿಗುವ ಅಮೆರಿಕದ ಗ್ಯಾರೇಜ್ ಹೀಟರ್ ತರಿಸಬಹುದೇ?

120 ವೋಲ್ಟಿನದಾದರೆ ನಮ್ಮ ಸಾಕೆಟ್ಟಿನಲ್ಲಿ ಕ್ಷಣದಲ್ಲಿ ಸುಟ್ಟುಹೋಗುತ್ತದೆ. 240 ವೋಲ್ಟಿನ 5,000 ವಾಟಿನವು 21 ಆಂಪಿಯರ್ ಎಳೆಯುತ್ತವೆ. ನಮ್ಮ 16 ಆಂಪಿಯರ್ ಸಾಕೆಟ್ಟಿಗೂ, ಹೆಚ್ಚಿನ ಮನೆಗಳ ಮಂಜೂರಾದ ಹೊರೆಗೂ ಅವು ಹೊಂದುವುದಿಲ್ಲ. ಐಎಸ್‌ಐ ಗುರುತಿರುವ, ರಿಪೇರಿಗೆ ಶಿವಮೊಗ್ಗದಲ್ಲೇ ಜನ ಸಿಗುವ ಯಂತ್ರವನ್ನು ಕೊಳ್ಳಿ.

ಬೆಚ್ಚಗಿನ ಶೆಡ್ಡಿಗೆ ಇಲಿ ಹೆಚ್ಚು ಬರುತ್ತದೆಯೇ?

ಖಂಡಿತ ಬರುತ್ತದೆ, ಇಲಿಯ ಹಿಂದೆಯೇ ಕೇರೆಯೂ ಬರುತ್ತದೆ. ಹೊರಗೆ ಮಳೆ ಹೊಯ್ಯುವಾಗ ಒಣಗಿ ಬೆಚ್ಚಗಿರುವ ಒಳಮಾಡಿನ ಸಂದು ಇಲಿಗೆ ಬಾಣಂತಿ ಕೋಣೆ. ಅಲ್ಲಿಂದ ಇಳಿದು ಅದು ಕಡಿಯುವುದು ಕಾರಿನ ವೈರನ್ನು. ಒಳಮಾಡಿನ ನಾಲ್ಕೂ ಅಂಚಿಗೆ, ಯಂತ್ರದ ನೀರಿನ ಪೈಪು ಹೊರಹೋಗುವ ತೂತಿಗೆ, ಗಾಳಿಕಿಂಡಿಗಳಿಗೆ ಕಬ್ಬಿಣದ ಸಣ್ಣ ಕಣ್ಣಿನ ಜಾಳಿಗೆ ಬಡಿಸಬೇಕು, ಪ್ಲಾಸ್ಟಿಕ್ಕಿನದನ್ನು ಅದು ಒಂದೇ ರಾತ್ರಿಯಲ್ಲಿ ಹರಿದುಹಾಕುತ್ತದೆ. ಹೋದ ವರ್ಷ ಪೈಪಿನ ತೂತಿನ ಸುತ್ತ ಸಿಮೆಂಟ್ ಮೆತ್ತುವುದನ್ನು ನಾಳೆಗೆಂದು ಬಿಟ್ಟಿದ್ದೆ. ಮರುದಿನ ಬೆಳಿಗ್ಗೆ ಡಿಹ್ಯೂಮಿಡಿಫೈಯರಿನ ಹಿಂಬದಿಯ ಬಿಸಿಗಾಳಿಗೆ ಮೈಯೊಡ್ಡಿ, ಸುರುಳಿ ಸುತ್ತಿಕೊಂಡು, ಆರಡಿಯ ಕೇರೆಯೊಂದು ಮಲಗಿತ್ತು.